ಹನಿ ಒಬ್ಬರದು, ಮಾತು ಬಳಗದ್ದು

ಕೂಡ್ಲಿಗಿ ಬಸ್ ನಿಲ್ದಾಣದ ಪಕ್ಕ ಚಹಾ ಕುಡಿಯುತ್ತ ಅರ್ಧ ಗಂಟೆ ಕೂತರೆ ಒಂದಲ್ಲ ಒಂದು ಕೋರ್ಟಿನ ಕತೆ ಕಿವಿಗೆ ಬೀಳುತ್ತದೆ. ಹೊಲದ ಪಾಲು, ಜೀವನಾಂಶ, ಮದುವೆ ಮುರಿದ ಜಗಳ. ಮಾತು ಎಲ್ಲಿಂದ ಶುರುವಾದರೂ ‘ಆ ಮಗು ಯಾರದು’ ಎಂಬಲ್ಲಿಗೆ ಬಂದು ನಿಂತರೆ ಸಾಕು, ಯಾರಾದರೊಬ್ಬರು ತೀರ್ಪು ಕೊಟ್ಟೇ ಬಿಡುತ್ತಾರೆ: “ಡಿಎನ್‌ಎ ಟೆಸ್ಟ್ ಮಾಡ್ಸಿದ್ರೆ ಗೊತ್ತಾಗ್ತೈತಿ ಬಿಡ್ರಿ.” ಅಲ್ಲಿಗೆ ಎಲ್ಲರೂ ಲೋಟ ಕೆಳಗಿಟ್ಟು ಏಳುತ್ತಾರೆ.

ಗೊತ್ತಾಗುವುದು ನಿಜ. ಆದರೆ ಒಂದು ಹನಿ ರಕ್ತಕ್ಕೆ ಅದು ಹೇಗೆ ಗೊತ್ತು? ಅಷ್ಟು ಗೊತ್ತಿರುವ ಹನಿಗೆ ಇನ್ನೂ ಏನೇನು ಗೊತ್ತಿದೆ? ಮೊದಲ ಪ್ರಶ್ನೆಗೆ ಉತ್ತರ ಸಿಕ್ಕರೆ ಎರಡನೆಯದರ ಉತ್ತರ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮನುಷ್ಯರ ವಂಶವಾಹಿಗಳ ಸಂಶೋಧನೆ ನಮ್ಮ ಮುಂದೆ ತಂದಿಟ್ಟಿರುವ ನ್ಯಾಯ, ನೀತಿ, ಕಾನೂನಿನ ಪ್ರಶ್ನೆಗಳೆಲ್ಲ ಆ ಉತ್ತರದಲ್ಲೇ ಇವೆ.

ಅರ್ಜಿಯಲ್ಲೊಂದು ಖಾಲಿ ಗೆರೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳಲ್ಲಿ ಈ ಪ್ರಶ್ನೆ ಬರೀ ಚಹಾದಂಗಡಿಯ ಹರಟೆಯಲ್ಲ. ‘ಮುತ್ತು ಕಟ್ಟುವುದು’, ‘ಬಸವಿ ಬಿಡುವುದು’ ಎಂಬ ಹೆಸರಿನಲ್ಲಿ ತಲೆಮಾರುಗಟ್ಟಲೆ ಹೆಣ್ಣುಮಕ್ಕಳನ್ನು ದೇವರ ಹೆಸರಿಗೆ ಒಪ್ಪಿಸಿ, ಊರಿನ ಗಂಡಸರ ಪಾಲು ಮಾಡಿದ ಸೀಮೆಯಿದು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಗುಡ್ಡ ಹತ್ತಿದ ಎಷ್ಟೋ ಹುಡುಗಿಯರು ಇಳಿಯುವಾಗ ಮತ್ತೊಬ್ಬರಾಗಿ ಇಳಿದಿದ್ದಾರೆ. ಬಳ್ಳಾರಿ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗಲೇ, 1947ರ ಕಾಯ್ದೆ ಈ ಪದ್ಧತಿಯನ್ನು ನಿಷೇಧಿಸಿತು. 1953ರಲ್ಲಿ ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. 1982ರಲ್ಲಿ ಕರ್ನಾಟಕ ತನ್ನದೇ ಕಾಯ್ದೆ ಮಾಡಿತು. ಆಮೇಲೂ, ಎರಡು ಸಮೀಕ್ಷೆಗಳಲ್ಲಿ ರಾಜ್ಯ ಸರ್ಕಾರ ಗುರುತಿಸಿದ ದೇವದಾಸಿಯರ ಸಂಖ್ಯೆ 46,660. ಬಹುಪಾಲು ದಲಿತ ಮನೆಯವರು.

ಅವರ ಮಕ್ಕಳಲ್ಲಿ ಒಬ್ಬಳನ್ನು ಕಲ್ಪಿಸಿಕೊಳ್ಳೋಣ. ಹದಿನೆಂಟು ದಾಟಿದೆ, ಪಿಯುಸಿ ಮುಗಿದಿದೆ. ಕಾಲೇಜಿನ ಅರ್ಜಿ ಮುಂದಿದೆ. ಹೆಸರು, ಹುಟ್ಟಿದ ದಿನ, ತಾಯಿಯ ಹೆಸರು ಬರೆದಾಯಿತು. ‘ತಂದೆಯ ಹೆಸರು’ ಎಂಬ ಗೆರೆಯ ಮೇಲೆ ಪೆನ್ನು ನಿಂತಿದೆ. ಕಿಟಕಿಯ ಆಚೆ ಕೂತ ಗುಮಾಸ್ತರು ತಲೆಯೆತ್ತಿ ನೋಡುತ್ತಿದ್ದಾರೆ. ಹಿಂದೆ ಸಾಲಿನಲ್ಲಿ ಅವಳದೇ ಊರಿನವರಿದ್ದಾರೆ. ತಂದೆ ಯಾರೆಂದು ಅವಳ ಅವ್ವನಿಗೆ ಗೊತ್ತು, ಊರಿಗೂ ಗೊತ್ತು. ಕಾಗದಕ್ಕೆ ಮಾತ್ರ ಗೊತ್ತಿಲ್ಲ.

2025ರಲ್ಲಿ ಕರ್ನಾಟಕ ವಿಧಾನಸಭೆ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆ ಇಂಥ ಮಕ್ಕಳನ್ನು ನೆನೆದು ಎರಡು ಮಾತು ಹೇಳಿತು. ಅರ್ಜಿಗಳಲ್ಲಿ ತಂದೆಯ ಹೆಸರು ಬರೆಯಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂಬುದು ಒಂದು. ತಂದೆ ಯಾರೆಂದು ಗುರುತಿಸಿಕೊಳ್ಳುವುದು ಮಗುವಿನ ಹಕ್ಕು, ಆತ ಒಪ್ಪದಿದ್ದರೆ ಡಿಎನ್‌ಎ ಪರೀಕ್ಷೆಯ ದಾರಿಯುಂಟು ಎಂಬುದು ಇನ್ನೊಂದು. ಪ್ರಯೋಗಶಾಲೆಯ ವಿಜ್ಞಾನ ನಮ್ಮ ತಾಲ್ಲೂಕುಗಳ ಓಣಿಗೆ ಕಾಲಿಟ್ಟದ್ದು ಈ ಬಾಗಿಲಿನಿಂದ.

ಮಲ್ಲಿಗೆ ಮಾಲೆಯ ಲೆಕ್ಕ

ಹಡಗಲಿಯ ಮಲ್ಲಿಗೆ ಗೊತ್ತಿಲ್ಲದವರು ಈ ಸೀಮೆಯಲ್ಲಿಲ್ಲ. ಬೆಳಗಿನ ಜಾವ ಬಿಡಿಸಿದ ಮೊಗ್ಗನ್ನು ಹೆಣ್ಣುಮಕ್ಕಳು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಒಂದಿಷ್ಟು ಮೊಗ್ಗು ಕಟ್ಟಿ ನಡುವೆ ಒಂದು ಎಳೆ ಮರುಗ ಸೇರಿಸುತ್ತಾರೆ, ಮತ್ತೆ ಮೊಗ್ಗು, ಮತ್ತೆ ಮರುಗ. ಇಬ್ಬರು ಕಟ್ಟಿದ ಮಾಲೆಗಳು ದೂರದಿಂದ ಒಂದೇ ಥರ ಕಾಣುತ್ತವೆ. ಹತ್ತಿರ ಕೂತು ಎಣಿಸಿದರೆ ಮೊದಲ ಮರುಗದ ಮುಂದೆ ಒಬ್ಬಳದರಲ್ಲಿ ಒಂಬತ್ತು ಮೊಗ್ಗು, ಇನ್ನೊಬ್ಬಳದರಲ್ಲಿ ಹನ್ನೆರಡು.

ನಮ್ಮ ಒಂದೊಂದು ಜೀವಕೋಶದೊಳಗೂ ಸುತ್ತಿಟ್ಟಿರುವ ಡಿಎನ್‌ಎ ಎಂಬ ಎಳೆ ಇಂಥದೇ ಮಾಲೆ. ಅದರ ಬಹುಭಾಗ ಎಲ್ಲ ಮನುಷ್ಯರಲ್ಲೂ ಒಂದೇ. ಆದರೆ ಅಲ್ಲಲ್ಲಿ ಒಂದು ಚಿಕ್ಕ ತುಣುಕು ಬೆನ್ನುಬೆನ್ನಿಗೆ ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಬರುತ್ತದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಈ ಜಾಗಗಳನ್ನು ‘ಎಣಿಕೆ ತಾಣ’ ಎಂದು ಕರೆಯೋಣ. ತಂದೆಯನ್ನು ಗುರುತಿಸುವ ಪರೀಕ್ಷೆಯೆಂದರೆ ಇಂಥ ಹದಿನೈದು, ಇಪ್ಪತ್ತು ತಾಣಗಳಲ್ಲಿ ಮೊಗ್ಗು ಎಣಿಸುವ ಕೆಲಸ.

ಪ್ರತಿಯೊಬ್ಬರಲ್ಲೂ ಮಾಲೆ ಜೋಡಿಯಾಗಿರುತ್ತದೆ, ಒಂದು ತಾಯಿ ಕೊಟ್ಟದ್ದು, ಒಂದು ತಂದೆ ಕೊಟ್ಟದ್ದು. ಹಾಗಾಗಿ ಪ್ರತಿ ತಾಣದಲ್ಲೂ ಎರಡು ಸಂಖ್ಯೆ. ನಮ್ಮ ಹುಡುಗಿಗೆ ಒಂದು ತಾಣದಲ್ಲಿ 9 ಮತ್ತು 12 ಇದೆ ಎನ್ನಿ. ಅವಳ ಅವ್ವನಿಗೆ ಅದೇ ತಾಣದಲ್ಲಿ 9 ಮತ್ತು 14. ಹುಡುಗಿಯ 9 ಅವ್ವನಿಂದ ಬಂದದ್ದು. ಅಂದಮೇಲೆ 12 ತಂದೆಯಿಂದಲೇ ಬಂದಿರಬೇಕು. ತಂದೆಯೆಂದು ಹೇಳಲಾದ ಗಂಡಸಿನಲ್ಲಿ 12 ಇದ್ದರೆ ಆ ತಾಣ ಹೊಂದಿತು. ಆತನಲ್ಲಿರುವುದು 7 ಮತ್ತು 10 ಆದರೆ ಹೊಂದಲಿಲ್ಲ. ನಕಲಾಗುವಾಗ ಅಪರೂಪಕ್ಕೊಮ್ಮೆ ಒಂದು ಮೊಗ್ಗು ಹೆಚ್ಚೋ ಕಡಿಮೆಯೋ ಆಗುವುದುಂಟು. ಆದ್ದರಿಂದ ಒಂದೇ ತಾಣ ತಪ್ಪಿದ ಮಾತ್ರಕ್ಕೆ ಯಾರನ್ನೂ ತಳ್ಳಿಹಾಕುವುದಿಲ್ಲ. ಹಲವು ತಾಣಗಳು ತಪ್ಪಿದರೆ ಆತ ತಂದೆಯಲ್ಲ.

ಎಲ್ಲ ತಾಣಗಳೂ ಹೊಂದಿದರೆ? ಇಲ್ಲಿ ಗುಣಾಕಾರ ಕೆಲಸ ಮಾಡುತ್ತದೆ. ಒಂದು ತಾಣದ ಸಂಖ್ಯೆ ಆಕಸ್ಮಿಕವಾಗಿ ಐವರಲ್ಲಿ ಒಬ್ಬರಿಗೆ ಹೊಂದಬಹುದು ಎಂದಿಟ್ಟುಕೊಳ್ಳಿ. ಎರಡೂ ತಾಣ ಹೊಂದುವವರು ಇಪ್ಪತ್ತೈದರಲ್ಲಿ ಒಬ್ಬರು. ಮೂರಕ್ಕೆ ಬಂದರೆ ನೂರಿಪ್ಪತ್ತೈದರಲ್ಲಿ ಒಬ್ಬರು. ಹತ್ತು ತಾಣ ದಾಟುವಷ್ಟರಲ್ಲಿ ಸುಮಾರು 98 ಲಕ್ಷ ಜನರಲ್ಲಿ ಒಬ್ಬರು. ಇಪ್ಪತ್ತು ತಾಣಗಳೂ ಹೊಂದಿದಾಗ ‘ಆಕಸ್ಮಿಕ’ ಎಂಬ ಮಾತಿಗೆ ಜಾಗವೇ ಉಳಿಯುವುದಿಲ್ಲ.

ಒಂದು ಎಚ್ಚರ ಬೇಕು. ಆತನ ಒಡಹುಟ್ಟಿದ ತಮ್ಮನ ವಿಷಯದಲ್ಲಿ ಈ ಲೆಕ್ಕ ಹೀಗೆ ನಡೆಯುವುದಿಲ್ಲ. ಅಣ್ಣತಮ್ಮಂದಿರು ಒಂದೇ ತಾಯಿತಂದೆಯ ಮಾಲೆಗಳಿಂದ ಪಾಲು ಪಡೆದವರು; ಮಗುವಿಗೆ ಅಣ್ಣ ಕೊಟ್ಟ ಸಂಖ್ಯೆ ತಮ್ಮನಲ್ಲೂ ಇರುವ ಸಂಭವ ಒಂದೊಂದು ತಾಣದಲ್ಲೂ ಅರ್ಧಕ್ಕಿಂತ ಹೆಚ್ಚು. ಈ ಸಣ್ಣ ತೊಡಕಿನಲ್ಲೇ ಈ ಅಧ್ಯಾಯದ ದೊಡ್ಡ ಮಾತು ಅಡಗಿದೆ. ಅಣ್ಣನ ರಕ್ತ ಪರೀಕ್ಷಿಸಿದರೆ ತಮ್ಮನ ಬಗ್ಗೆಯೂ ತಿಳಿಯುತ್ತದೆ. ತಮ್ಮನನ್ನು ಯಾರೂ ಕೇಳಿರುವುದಿಲ್ಲ.

ಹಗೇವು ಮತ್ತು ಹಿಡಿ ಜೋಳ

ಹಿಂದೆ ಈ ಕಡೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಕಾಳು ಹೇಗಿದೆ ಎಂದು ತೋರಿಸಲು ಒಂದು ಹಿಡಿ ತೆಗೆದು ಅಂಗೈ ಮೇಲೆ ಹರವಿದರೆ ಸಾಕಿತ್ತು. ಹಗೇವಿನ ಬಾಯಿಯನ್ನು ತೆರೆದಿಟ್ಟು ಹೋಗುತ್ತಿರಲಿಲ್ಲ.

ತಂದೆಯ ಪರೀಕ್ಷೆಯಲ್ಲಿ ಎಣಿಸುವ ಇಪ್ಪತ್ತು ತಾಣಗಳು ಹಿಡಿ ಜೋಳವಿದ್ದಂತೆ. ಆ ಸಂಖ್ಯೆಗಳನ್ನು ನೋಡಿ ಯಾರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಯಾರ ಮಗುವಿಗೆ ಯಾವ ಕಾಯಿಲೆ ಇಳಿಯುತ್ತದೆ ಎಂದು ಹೇಳಲಾಗದು. ಆದರೆ ಆ ಸಂಖ್ಯೆಗಳು ಬಂದ ಹನಿ ಹಗೇವೇ. ಬೆರಳ ತುದಿಗೆ ಸೂಜಿ ತಾಗಿಸಿ, ದಪ್ಪನೆಯ ಬಿಳಿ ಕಾಗದದ ಮೇಲೆ ಅಚ್ಚಾಗಿರುವ ವೃತ್ತದೊಳಗೆ ಹನಿ ಬೀಳಿಸುತ್ತಾರೆ. ಕೆಂಪು ಒಣಗಿ ಕಂದಾಗುತ್ತದೆ. ಕಾಗದವನ್ನು ಲಕೋಟೆಗೆ ಹಾಕಿ ಮುದ್ರೆ ಒತ್ತುತ್ತಾರೆ. ಹಾಗೆ ಒಣಗಿದ ಕಲೆಯಿಂದ ವರ್ಷಗಳಾದ ಮೇಲೂ ಡಿಎನ್‌ಎ ಓದಬಹುದು, ಆ ವ್ಯಕ್ತಿಯ ಪೂರ್ತಿ ಡಿಎನ್‌ಎಯನ್ನು. ಪರೀಕ್ಷೆ ಮುಗಿದು ವರದಿ ಬಂದ ಮೇಲೆ ಆ ಕಾಗದ ಎಲ್ಲಿರುತ್ತದೆ, ಎಷ್ಟು ದಿನ ಇರುತ್ತದೆ, ಯಾರು ನಾಶ ಮಾಡಬೇಕು? ಚಹಾದಂಗಡಿಯ ತೀರ್ಪಿನಲ್ಲಿ ಈ ಪ್ರಶ್ನೆಗಳಿಗೆ ಜಾಗವಿಲ್ಲ. ಕಾನೂನಿನಲ್ಲಿ ಇರಲೇಬೇಕು.

ಕೇಳುವ ಬಾಯಿ ಯಾರದು

ತಂದೆತನದ ಬಗ್ಗೆ ನಮ್ಮ ಕಾನೂನು ಬಹಳ ಹಿಂದೆಯೇ ಒಂದು ನಿಲುವು ತಳೆದಿತ್ತು. 1872ರ ಸಾಕ್ಷ್ಯ ಕಾಯ್ದೆಯ 112ನೇ ಕಲಮು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಮು, ಹೇಳುವುದಿಷ್ಟು: ಮದುವೆ ಊರ್ಜಿತವಾಗಿರುವಾಗ ಹುಟ್ಟಿದ ಮಗು ಆ ಗಂಡನದೇ, ಅಲ್ಲವೆನ್ನುವವರು ಆ ಕಾಲದಲ್ಲಿ ಗಂಡಹೆಂಡತಿ ಕೂಡುವ ಅವಕಾಶವೇ ಇರಲಿಲ್ಲವೆಂದು ತೋರಿಸಬೇಕು. ಮಗುವಿನ ಹಣೆಗೆ ಕಳಂಕ ಹಚ್ಚಬಾರದೆಂದು ಕಟ್ಟಿದ ಗೋಡೆಯಿದು. 1984ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರಿಸ್ ಡಿಎನ್‌ಎ ಗುರುತಿನ ವಿಧಾನ ಕಂಡುಹಿಡಿದ ಮೇಲೆ, ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಲಾಲ್‌ಜಿ ಸಿಂಗ್ ಅದನ್ನು ಭಾರತದಲ್ಲಿ ಬೆಳೆಸಿದ ಮೇಲೆ, ಆ ಗೋಡೆಯಲ್ಲಿ ಬಾಗಿಲು ಮೂಡಿತು.

ಬಾಗಿಲನ್ನು ಯಾರಿಗೆ ತೆರೆಯಬೇಕು ಎಂಬುದೇ ಅಲ್ಲಿಂದ ಮುಂದಿನ ಚರಿತ್ರೆ. 1993ರಲ್ಲಿ ಗೌತಮ್ ಕುಂಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೇಳಿದವರಿಗೆಲ್ಲ ರಕ್ತ ಪರೀಕ್ಷೆಗೆ ಆದೇಶ ಕೊಡಲಾಗದು, ಯಾರಿಂದಲೂ ಬಲವಂತವಾಗಿ ರಕ್ತ ತೆಗೆಯಲಾಗದು ಎಂದಿತು. ಮಗನೊಬ್ಬ ‘ಇವರೇ ನನ್ನ ತಂದೆ’ ಎಂದು ಹೂಡಿದ್ದ ದಾವೆಯಲ್ಲಿ, ಹಿರಿಯ ರಾಜಕಾರಣಿ ಎನ್. ಡಿ. ತಿವಾರಿ 2012ರಲ್ಲಿ ಕೋರ್ಟಿನ ಆದೇಶಕ್ಕೆ ಮಣಿದು ರಕ್ತ ಕೊಡಬೇಕಾಯಿತು. ಅವರೇ ತಂದೆಯೆಂದು ವರದಿ ಹೇಳಿತು. 2023ರಲ್ಲಿ ಹೆಂಡತಿಯ ನಡತೆಯ ಮೇಲೆ ಅನುಮಾನಪಟ್ಟ ಗಂಡನೊಬ್ಬ ಮಗುವಿನ ಡಿಎನ್‌ಎ ಪರೀಕ್ಷೆ ಕೇಳಿದಾಗ, ಕನ್ನಡದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಒಪ್ಪಲಿಲ್ಲ. ತನ್ನ ವಂಶವಾಹಿ ಮಾಹಿತಿಯನ್ನು ಕಾಪಾಡಿಕೊಳ್ಳುವ ಹಕ್ಕು ಮಗುವಿಗಿದೆ, ದೊಡ್ಡವರ ಜಗಳಕ್ಕೆ ಮಗುವನ್ನು ಸಾಕ್ಷಿಯ ವಸ್ತು ಮಾಡಬಾರದು ಎಂಬುದು ಆ ತೀರ್ಪಿನ ಸಾರ.

ಈ ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಪರೀಕ್ಷೆ ಒಂದೇ, ಎಣಿಸುವ ಮೊಗ್ಗು ಒಂದೇ. ದೊಡ್ಡವನಾದ ಮಗ ತಾನಾಗಿ ಕೇಳಿದಾಗ ಅದು ಬೆಳಕು. ಮಾತೂ ಬಾರದ ಮಗುವಿನ ವಿರುದ್ಧ ಬೇರೊಬ್ಬರು ಕೇಳಿದಾಗ ಅದು ಕೊಳ್ಳಿ. 2023ರ ತೀರ್ಪಿನ ಹಿಂದೆ ಇನ್ನೊಬ್ಬ ಕನ್ನಡಿಗರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಮೈಯೊಳಗಿನ ಮಾಲೆಗಿಂತ ಖಾಸಗಿಯಾದದ್ದು ಇನ್ನೇನಿದೆ?

ನಮ್ಮ ಹುಡುಗಿಯ ವಿಷಯದಲ್ಲಿ ಕೇಳುವ ಬಾಯಿ ಅವಳದೇ. ಆದ್ದರಿಂದ ಅವಳ ಹಕ್ಕು ಗಟ್ಟಿ. ಆದರೂ ಒಂದು ತೊಡಕು ಉಳಿಯುತ್ತದೆ. ಆತ ತೀರಿಹೋಗಿದ್ದರೆ? ಆಗ ಆತನ ತಾಯಿತಂದೆ, ಒಡಹುಟ್ಟಿದವರು, ಮದುವೆಯ ಹೆಂಡತಿಯಲ್ಲಿ ಹುಟ್ಟಿದ ಮಕ್ಕಳು, ಇವರ ರಕ್ತದಿಂದ ಲೆಕ್ಕ ಕಟ್ಟಬೇಕು. ಅವರು ತಪ್ಪು ಮಾಡಿದವರಲ್ಲ, ಕೇಸಿನಲ್ಲಿ ಇಲ್ಲದಿರಲೂಬಹುದು. ಆದರೂ ಉತ್ತರದ ಅರ್ಧ ಅವರ ಮೈಯಲ್ಲಿದೆ. ಆತ ಬದುಕಿದ್ದು ವರದಿ ಹೊಂದಿದರೂ ಅಷ್ಟೇ. ಆ ದಿನ ಹುಡುಗಿಗೆ ತಂದೆ ಸಿಗುತ್ತಾನೆ. ಊರಿನ ಇನ್ನೊಂದು ಮನೆಯ ಮಕ್ಕಳಿಗೆ, ಅವರು ಕೇಳದೆಯೇ, ಒಬ್ಬ ತಂಗಿ ಸಿಗುತ್ತಾಳೆ. ಸತ್ಯ ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ಮುಚ್ಚಿಟ್ಟದ್ದರ ನೋವನ್ನೆಲ್ಲ ಇಷ್ಟು ಕಾಲ ಉಂಡವರು ತಾಯಿ ಮಕ್ಕಳು. ಆದರೆ ಈ ಸತ್ಯ ಒಬ್ಬರ ಮನೆಯ ಬಾಗಿಲಲ್ಲಿ ನಿಲ್ಲುವಂಥದಲ್ಲ ಎಂಬುದನ್ನು ಪರೀಕ್ಷೆಗೆ ಮೊದಲೇ ಅರಿತಿರಬೇಕು.

ಅರ್ಧದ ಅರ್ಧ

ಈಗ ಎಣಿಕೆ ತಾಣ ಬಿಟ್ಟು ಪೂರ್ತಿ ಮಾಲೆಯನ್ನು ನೋಡೋಣ. ತಾಯಿ ತನ್ನ ಜೋಡಿಯಲ್ಲಿ ಅರ್ಧವನ್ನು ಮಗುವಿಗೆ ಕೊಡುತ್ತಾಳೆ, ತಂದೆ ತನ್ನದರಲ್ಲಿ ಅರ್ಧವನ್ನು. ಒಡಹುಟ್ಟಿದವರ ನಡುವೆ ಸರಾಸರಿ ಅರ್ಧ ಪಾಲು ಒಂದೇ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಕಾಲು ಪಾಲು. ಅತ್ತೆ ಮಗಳು, ಮಾವನ ಮಗನ ನಡುವೆ ಎಂಟರಲ್ಲಿ ಒಂದು ಪಾಲು. ಅರ್ಧ, ಅರ್ಧದ ಅರ್ಧ, ಅದರ ಅರ್ಧ. ವಂಶವಾಹಿ ಸಂಶೋಧನೆಯ ನೀತಿಯ ಪ್ರಶ್ನೆಗಳೆಲ್ಲ ಈ ಸರಳ ಲೆಕ್ಕದಿಂದ ಹುಟ್ಟುತ್ತವೆ. ನಾನು ಕೊಟ್ಟ ಹನಿಯಲ್ಲಿ ನನ್ನ ಮಗಳ ಅರ್ಧ, ನನ್ನ ಅಕ್ಕನ ಅರ್ಧ, ಅಕ್ಕನ ಮಗಳ ಕಾಲು ಇದೆ. ರುಜು ಮಾತ್ರ ನನ್ನೊಬ್ಬನದು.

ನಮ್ಮ ಕಡೆ ಈ ಪಾಲು ಇನ್ನೂ ದಟ್ಟ. ‘ಹೊರಗ ಯಾಕ ಕೊಡಬೇಕು, ಸಂಬಂಧದೊಳಗ ಇರ್ಲಿ’ ಎಂದು ಸೋದರಮಾವನಿಗೇ ಕೊಟ್ಟ ಮನೆಗಳು ಪ್ರತಿ ಓಣಿಯಲ್ಲೂ ಇವೆ. 1955ರ ಹಿಂದೂ ವಿವಾಹ ಕಾಯ್ದೆ ಇಂಥ ಹತ್ತಿರದ ಮದುವೆಯನ್ನು ನಿಷೇಧಿಸಿದರೂ ರೂಢಿಯಿದ್ದಲ್ಲಿ ಬಿಟ್ಟುಕೊಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಅವರೊಂದಿಗೆ ಎ. ಆರ್. ರಮಾದೇವಿ, ಅಲನ್ ಬಿಟಲ್ಸ್ ಮೊದಲಾದವರು 1980ರ ದಶಕದಲ್ಲಿ ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ಪರೀಕ್ಷಿಸಿದರು. ಆಗ ಕಂಡದ್ದು: ಹೆಚ್ಚೂಕಡಿಮೆ ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೆ, ಅದರಲ್ಲೂ ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯೇ ಹೆಚ್ಚು.

ಇದರಿಂದ ಏನು ಕೆಡುಕು? ನಮ್ಮೆಲ್ಲರ ಮಾಲೆಯಲ್ಲೂ ಕೆಲವು ಮುರುಟಿದ ಮೊಗ್ಗುಗಳಿವೆ. ಜೋಡಿಯ ಇನ್ನೊಂದು ಮಾಲೆ ಅಲ್ಲಿ ಸರಿಯಿದ್ದರೆ ತೊಂದರೆ ಇಲ್ಲ. ಗಂಡಹೆಂಡತಿ ಇಬ್ಬರಿಗೂ ಒಂದೇ ಅಜ್ಜನಿಂದ ಒಂದೇ ಮುರುಟಿದ ಮೊಗ್ಗು ಬಂದಿದ್ದರೆ, ಮಗುವಿಗೆ ಎರಡೂ ಮಾಲೆಯಲ್ಲಿ ಅದೇ ಸಿಗುವ ಸಂಭವ ಏರುತ್ತದೆ. ಸಾಮಾನ್ಯವಾಗಿ ನೂರಕ್ಕೆ ಎರಡು ಮೂರು ಶಿಶುಗಳಿಗೆ ಹುಟ್ಟಿನಿಂದ ಏನಾದರೊಂದು ದೊಡ್ಡ ತೊಂದರೆ ಇರುತ್ತದೆ. ಅತ್ತೆ ಮಾವನ ಮಕ್ಕಳು ಮದುವೆಯಾದಾಗ ಅದಕ್ಕೆ ಇನ್ನೂ ಎರಡು ಮೂರು ಸೇರುತ್ತದೆ. ಸೋದರಮಾವನಾದರೆ ಇನ್ನಷ್ಟು. ಹೆದರಿಸುವುದೂ ತಪ್ಪು, ಮರೆಮಾಚುವುದೂ ತಪ್ಪು.

ನೀತಿಯ ಪ್ರಶ್ನೆ ಇಲ್ಲಿದೆ. ಒಂದು ಮನೆಯಲ್ಲಿ ಒಂದು ಮಗುವಿಗೆ ಕಾಯಿಲೆಯೆಂದು ತಿಳಿದರೆ ಸುತ್ತಲಿನ ಹತ್ತು ಮನೆಗಳ ಬಗ್ಗೆ ಏನೋ ತಿಳಿದಂತೆಯೇ. ವೈದ್ಯರು ಆ ಹತ್ತು ಮನೆಗೆ ಹೇಳಬೇಕೇ? ಹೇಳಿದರೆ ಆ ತಾಯಿಯ ಗುಟ್ಟು ಹೋಯಿತು. ಹೇಳದಿದ್ದರೆ ಬರುವ ಮೇ ತಿಂಗಳಲ್ಲಿ ಅದೇ ಬಳಗದಲ್ಲಿ ಇನ್ನೊಂದು ಲಗ್ನ. ಇದಕ್ಕೆ ಒಳ್ಳೆಯ ದಾರಿ ಒಂದೇ: ಆ ತಾಯಿಗೇ ಎಲ್ಲವನ್ನೂ ಬಿಡಿಸಿ ಹೇಳಿ, ಅವಳ ಬಾಯಿಂದಲೇ ಬಳಗಕ್ಕೆ ತಲುಪುವಂತೆ ಜೊತೆ ನಿಲ್ಲುವುದು. ಇದಕ್ಕೆ ತಳಿ ಸಲಹೆ ಎನ್ನುತ್ತಾರೆ. ಯಂತ್ರಕ್ಕಿಂತ ಇದು ಬೇಡುವುದು ಹೊತ್ತು, ತಾಳ್ಮೆ, ನಮ್ಮ ಭಾಷೆ.

ಹಂದಿಗೋಡಿನ ಹೆಸರು

ಬಳಗದಿಂದ ಸಮುದಾಯಕ್ಕೆ ಬರೋಣ. 1970ರ ದಶಕದ ನಡುವಿನಲ್ಲಿ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಒಂದು ವಿಚಿತ್ರ ಕಾಯಿಲೆ ಬೆಳಕಿಗೆ ಬಂತು. ಸೊಂಟ, ಮೊಣಕಾಲಿನ ಕೀಲುಗಳು ನೋಯುತ್ತ ಸವೆದು, ನಡಿಗೆ ಬಾಗಿ, ಕೆಲವರಲ್ಲಿ ಎತ್ತರವೇ ಕುಗ್ಗುವ ಕಾಯಿಲೆ. ಬಂದದ್ದು ಚನ್ನಂಗಿ, ಛಲವಾದಿ ಎಂಬ ದಲಿತ ಸಮುದಾಯಗಳ ಬಡ ಕೂಲಿಕಾರರಿಗೆ. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೈಗೆ ಸೇರಿ, ಅವನ್ನು ತಿಂದವರಿಗೆ ಹೀಗಾಗಿದೆ ಎಂದು ಮೊದಲು ಶಂಕಿಸಿದರು. ಬಳಿಕ ಮನೆತನಗಳ ವಂಶಾವಳಿ ಬರೆದು ನೋಡಿದಾಗ ಇದು ಹುಟ್ಟಿನಿಂದ ಇಳಿದು ಬರುವ ಎಲುಬಿನ ಕಾಯಿಲೆ ಎಂಬುದು ತಿಳಿಯಿತು. ಇದರಲ್ಲಿ ಒಂದೇ ಮಾಲೆ ಕೆಟ್ಟಿದ್ದರೂ ಸಾಕು. ಕಾಯಿಲೆಯಿದ್ದವರ ಪ್ರತಿ ಮಗುವಿಗೂ ಅದು ಇಳಿಯುವ ಸಂಭವ ಅರ್ಧಕ್ಕರ್ಧ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯಿಂದ ಹಿಡಿದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರೆಗೆ ತಂಡಗಳು ಬಂದವು. ರಕ್ತ ತೆಗೆದರು, ಎಲುಬಿನ ಎಕ್ಸ್‌ರೇ ತೆಗೆದರು, ಪ್ರಬಂಧಗಳು ಬಂದವು. ವಿಜ್ಞಾನಕ್ಕೆ ಇದೆಲ್ಲ ಬೇಕಾದದ್ದೇ. ಆದರೆ ಕೀಲು ಸವೆದ ಕೂಲಿಕಾರನಿಗೆ ಬೇಕಾದದ್ದು ಊರುಗೋಲು, ನೋವಿನ ಮಾತ್ರೆ, ಶಸ್ತ್ರಚಿಕಿತ್ಸೆಗೆ ನೆರವು, ಪಿಂಚಣಿ. ರಕ್ತದ ಗಾಜಿನ ನಳಿಕೆ ನಗರಕ್ಕೆ ಹೋಗುವ ವೇಗದಲ್ಲಿ ಇವು ಹಳ್ಳಿಗೆ ಬರುವುದಿಲ್ಲ.

ಹೆಸರಿನ ಮಾತೂ ಇದೆ. ಪ್ರಬಂಧದಲ್ಲಿ ರೋಗಿಯ ಹೆಸರು ಬರೆಯುವುದಿಲ್ಲ, ಸಂಖ್ಯೆ ಬರೆಯುತ್ತಾರೆ. ವ್ಯಕ್ತಿಯ ಗುಟ್ಟು ಉಳಿಯಿತು ಎನ್ನುತ್ತಾರೆ. ಆದರೆ ಕಾಯಿಲೆಗೇ ಹಂದಿಗೋಡು ಎಂದು ಹೆಸರಿಟ್ಟರೆ ಆ ಊರಿನ ಪ್ರತಿ ಹುಡುಗಿ ಗಂಡಿನ ಮನೆಯವರ ಮುಂದೆ ಕಾಯಿಲೆಯ ಹೆಸರು ಹೊತ್ತೇ ಕೂರಬೇಕು, ಅವಳ ಮನೆಯಲ್ಲಿ ಆ ಕಾಯಿಲೆ ಎಂದೂ ಇರದಿದ್ದರೂ. ಹೊಸ ಸೋಂಕು ರೋಗಗಳಿಗೆ ಊರು, ಜನಾಂಗಗಳ ಹೆಸರಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ವಂಶದಲ್ಲಿ ಇಳಿಯುವ ರೋಗಕ್ಕೆ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಹಾಗೆಂದು ಸಮುದಾಯದ ಬಗ್ಗೆ ತಿಳಿಯುವುದೇ ಬೇಡವೆಂದಲ್ಲ. ಸಿಸಿಎಂಬಿಯ ಕೆ. ತಂಗರಾಜ್, ಹಾರ್ವರ್ಡಿನ ಡೇವಿಡ್ ರೈಖ್ ತಂಡ 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳ ಡಿಎನ್‌ಎ ಹೋಲಿಸಿತು. ಜಾತಿಯೊಳಗೇ ಮದುವೆಯಾಗುತ್ತ ಬಂದುದರಿಂದ 81 ಗುಂಪುಗಳು ಕೆಲವೇ ಪೂರ್ವಿಕರ ಮಾಲೆಗಳನ್ನು ಮತ್ತೆ ಮತ್ತೆ ಹಂಚಿಕೊಂಡಿವೆ ಎಂದು ತೋರಿಸಿತು. ಇದಕ್ಕೊಂದು ಉದಾಹರಣೆ ವೈಶ್ಯರು. ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧವನ್ನು ಕರಗಿಸುವ ಶಕ್ತಿ ಅವರಲ್ಲಿ ಕೆಲವರಿಗೆ ಕಡಿಮೆ. ಆ ಔಷಧ ಬಿದ್ದರೆ ತಾವಾಗಿ ಉಸಿರಾಡಲು ಬಹಳ ಹೊತ್ತು ಬೇಕಾಗುತ್ತದೆ. ಅರಿವಳಿಕೆ ವೈದ್ಯರಿಗೆ ಇದು ಮೊದಲೇ ಗೊತ್ತಿದ್ದರೆ ಜೀವ ಉಳಿಯುತ್ತದೆ. ಇಲ್ಲಿ ಸಮುದಾಯದ ಹೆಸರು ಕಳಂಕವಾಗದೆ ಕಾವಲಾಯಿತು. ಹಂದಿಗೋಡಿನಲ್ಲೂ ವಿಜ್ಞಾನ ಅದೇ. ಒಂದೆಡೆ ತಿಳಿವಳಿಕೆ ರಕ್ತ ಕೊಟ್ಟವರ ಹಾಸಿಗೆಯ ಬಳಿಗೆ ಮರಳುತ್ತದೆ. ಇನ್ನೊಂದೆಡೆ ಮರಳುವ ದಾರಿ ಉದ್ದ.

ಊರು ಬಿಟ್ಟು ಹೋದ ರಕ್ತ

ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಮರಿಯ ತಳದಲ್ಲಿ ಹವಾಸುಪಾಯಿ ಎಂಬ ಚಿಕ್ಕ ಬುಡಕಟ್ಟು ಇದೆ. 1990ರ ದಶಕದಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು ಅವರ ರಕ್ತ ಪಡೆದರು. ಅದೇ ರಕ್ತವನ್ನು ಮನೋರೋಗದ ಅಧ್ಯಯನಕ್ಕೂ, ಅವರ ಪೂರ್ವಿಕರು ಎಲ್ಲಿಂದ ಬಂದರು ಎಂಬ ಅಧ್ಯಯನಕ್ಕೂ ಬಳಸಿದ್ದು ಆಮೇಲೆ ತಿಳಿಯಿತು. ಆ ಕಮರಿಯಲ್ಲೇ ಹುಟ್ಟಿದವರು ನಾವು ಎಂದು ನಂಬಿದ ಜನಕ್ಕೆ ಅದು ಮನೆದೇವರನ್ನು ಕೆಡವಿದಂತೆ. ಅವರು ಕೋರ್ಟಿಗೆ ಹೋದರು. 2010ರಲ್ಲಿ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಕೊಟ್ಟು, ಉಳಿದ ರಕ್ತವನ್ನು ಮರಳಿಸಿತು.

ಐಸ್‌ಲ್ಯಾಂಡಿನಲ್ಲಿ ಇಡೀ ದೇಶದ ಆರೋಗ್ಯದ ದಾಖಲೆಗಳನ್ನು ಒಂದೆಡೆ ಕೂಡಿಸುವ ಕಾಯ್ದೆ ಬಂದಾಗ, ತೀರಿಹೋದ ತನ್ನ ತಂದೆಯ ದಾಖಲೆ ಸೇರಿಸಬೇಡಿ ಎಂದು ಒಬ್ಬ ಹುಡುಗಿ ದಾವೆ ಹೂಡಿದಳು. ತಂದೆಯ ಮಾಹಿತಿಯಿಂದ ತನ್ನ ಬಗ್ಗೆ ಊಹಿಸಬಹುದು ಎಂಬುದು ಅವಳ ವಾದ. 2003ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹನಿ ಒಬ್ಬರದಾದರೂ ಮಾತು ಬಳಗದ್ದೆಂದು ಒಂದು ದೇಶದ ಅತ್ಯುನ್ನತ ನ್ಯಾಯಾಲಯ ಒಪ್ಪಿದ ದಿನ ಅದು.

ಒಪ್ಪದಿದ್ದರೆ ಏನಾಗುತ್ತದೆಂದು 2023ರಲ್ಲಿ ಕಂಡಿತು. ಜೊಲ್ಲಿನ ಮಾದರಿ ಕಳಿಸಿದವರಿಗೆ ದೂರದ ನೆಂಟರನ್ನು ಹುಡುಕಿಕೊಡುತ್ತಿದ್ದ 23ಆಂಡ್‌ಮಿ ಎಂಬ ಅಮೆರಿಕದ ಕಂಪನಿಯ ಸುಮಾರು 14 ಸಾವಿರ ಖಾತೆಗಳಿಗೆ ಕನ್ನ ಬಿತ್ತು. ನೆಂಟಸ್ತಿಕೆಯ ಎಳೆ ಹಿಡಿದು ಹೋದ ಕಳ್ಳರಿಗೆ ಸಿಕ್ಕಿದ್ದು ಸುಮಾರು 69 ಲಕ್ಷ ಜನರ ಮಾಹಿತಿ. 2025ರಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಅರ್ಧದ ಅರ್ಧ ಎಂಬ ಲೆಕ್ಕ ನಮ್ಮ ಓಣಿಯಲ್ಲಿ ಹೇಗೋ ಜಗತ್ತಿನಲ್ಲೂ ಹಾಗೆಯೇ.

ಬೇಲಿಯಲ್ಲಿನ ಕಂಡಿ

ನಮ್ಮ ದೇಶದಲ್ಲೂ ಕೆಲಸ ಭರದಿಂದ ಸಾಗಿದೆ. 2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ ಯೋಜನೆಯ ಮುಂದಾಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ. 20 ಸಂಸ್ಥೆಗಳು ಸೇರಿ 10 ಸಾವಿರ ಭಾರತೀಯರ ಪೂರ್ತಿ ಡಿಎನ್‌ಎ ಓದಿದವು. ಮಾಹಿತಿ ಫರೀದಾಬಾದಿನ ಜೈವಿಕ ದತ್ತಾಂಶ ಕೇಂದ್ರದಲ್ಲಿದೆ. ಔಷಧಗಳ ಲೆಕ್ಕಾಚಾರ ಇಷ್ಟು ಕಾಲ ಹೆಚ್ಚಾಗಿ ಯುರೋಪಿನವರ ಡಿಎನ್‌ಎಯನ್ನೇ ನೆಚ್ಚಿತ್ತು. ನಮ್ಮ ಜನಕ್ಕೆ ನಮ್ಮದೇ ಲೆಕ್ಕ ಬೇಕು. ಈ ಕೆಲಸ ನನಗೆ ಹೆಮ್ಮೆ.

ಬೇಲಿ ಮಾತ್ರ ಇನ್ನೂ ಪೂರ್ತಿ ಕಟ್ಟಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿ ಸೂತ್ರಗಳು ಚೆನ್ನಾಗಿವೆ: ಅವರ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು, ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಸಂಶೋಧನೆಗೆ ಸಂಬಂಧಿಸದ ಸಾಕ್ಷಿ ಇರಬೇಕು, ಸಮುದಾಯದೊಂದಿಗೆ ಮಾತಾಡಬೇಕು. ಆದರೆ ಡಿಎನ್‌ಎ ಮಾದರಿ ಮತ್ತು ದತ್ತಾಂಶಕ್ಕೆಂದೇ ತಂದ 2019ರ ಮಸೂದೆಯನ್ನು 2023ರಲ್ಲಿ ವಾಪಸ್ ಪಡೆಯಲಾಯಿತು. ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ವಂಶವಾಹಿ ಮಾಹಿತಿಗೆ ವಿಶೇಷ ರಕ್ಷಣೆಯ ವರ್ಗವೇ ಇಲ್ಲ. ಅದು ಮೊಬೈಲ್ ನಂಬರಿನ ಸಾಲಿನಲ್ಲೇ ಕೂತಿದೆ. ಮೊಬೈಲ್ ನಂಬರನ್ನಾದರೆ ಬದಲಾಯಿಸಬಹುದು.

ನಮ್ಮ ಕಾನೂನುಗಳೆಲ್ಲ ‘ಒಪ್ಪಿಗೆ ಕೊಟ್ಟವನು ಒಬ್ಬ’ ಎಂಬ ಗೂಟಕ್ಕೆ ಕಟ್ಟಿಕೊಂಡಿವೆ. ಒಬ್ಬರ ಒಪ್ಪಿಗೆ ಬೇಕೇ ಬೇಕು. ಅದರ ಮೇಲೆ ಬಳಗದ ಪಾಲಿಗೂ ಒಂದು ಸಾಲು ಬೇಕು: ಮಾದರಿಯನ್ನು ಹೇಳಿದ ಕೆಲಸಕ್ಕೆ ಮಾತ್ರ ಬಳಸುವ, ಕೆಲಸ ಮುಗಿದ ಮೇಲೆ ನಾಶ ಮಾಡುವ, ಊರು ಜಾತಿಗಳ ಹೆಸರನ್ನು ಅವರನ್ನು ಕೇಳದೆ ಅಚ್ಚು ಹಾಕದ, ಸಿಕ್ಕ ತಿಳಿವಳಿಕೆಯನ್ನು ಕೊಟ್ಟವರಿಗೆ ಮರಳಿಸುವ ಕಟ್ಟುಪಾಡು.

ಹೆಬ್ಬೆಟ್ಟಿಗೆ ಮುಂಚೆ

ನಾಳೆ ಕೊಟ್ಟೂರಿನ ಯಾವುದೋ ಶಾಲೆಯ ಅಂಗಳದಲ್ಲಿ ರಕ್ತ ಸಂಗ್ರಹದ ಶಿಬಿರ ನಡೆದರೆ, ಕುರ್ಚಿಯಲ್ಲಿ ಕೂತು ತೋಳು ಚಾಚುವ ಮುಂಚೆ ಯಾರಾದರೂ ಕೇಳಬಹುದಾದ ಮಾತುಗಳಿವು. ಈ ರಕ್ತ ಯಾತಕ್ಕ? ಬ್ಯಾರೆ ಕೆಲಸಕ್ಕ ಬಳಸೂದಾದ್ರ ಮತ್ತ ನಮ್ಮನ್ನ ಕೇಳ್ತೀರೇನು? ಫಲಿತಾಂಶ ನಮಗ ಯಾರು, ಯಾವಾಗ ಹೇಳ್ತಾರ? ನಮ್ಮ ಅಣ್ಣತಮ್ಮಂದಿರ ಬಗ್ಗೆ ಏನಾರ ಗೊತ್ತಾದ್ರ ಏನು ಮಾಡ್ತೀರಿ? ಬ್ಯಾಡ ಅಂದ್ರ ನಮ್ಮ ದವಾಖಾನಿ ಸೌಲತ್ತಿಗೆ ಏನೂ ತೊಂದ್ರಿ ಇಲ್ಲಲ್ಲ? ಒಳ್ಳೆಯ ಸಂಶೋಧಕರಿಗೆ ಈ ಪ್ರಶ್ನೆಗಳು ಮುಜುಗರ ತರುವುದಿಲ್ಲ. ಅವರು ಇದಕ್ಕಾಗಿಯೇ ಕಾಯುತ್ತಿರುತ್ತಾರೆ.

ನಮ್ಮ ಹುಡುಗಿಯೂ ಇದನ್ನೆಲ್ಲ ಕೇಳಲಿ. ಪರೀಕ್ಷೆಯಿಂದ ಏನು ತಿಳಿಯುತ್ತದೆ, ಯಾರ ಯಾರ ಮನೆಗೆ ಅದು ತಟ್ಟುತ್ತದೆ, ಆ ಒಣಗಿದ ಹನಿಯ ಕಾಗದ ಆಮೇಲೆ ಎಲ್ಲಿ ಹೋಗುತ್ತದೆ ಎಂದು ಯಾರಾದರೂ ಅವಳ ಪಕ್ಕ ಕೂತು ಬಿಡಿಸಿ ಹೇಳಲಿ. ಆಸ್ತಿಯ ಪಾಲು ಬೇಕೆಂದು, ನ್ಯಾಯ ಬೇಕೆಂದು ಅವಳು ಬೆರಳು ಚಾಚಿದರೆ ಅದು ಅವಳ ಹಕ್ಕು. ಚಾಚದೆ ಎದ್ದು ಹೋದರೂ ಅವಳ ಹಕ್ಕು. ಆ ಗೆರೆ ಖಾಲಿಯಿದ್ದರೂ ಅರ್ಜಿ ಪೂರ್ತಿಯೇ.

ಪರೀಕ್ಷೆಯ ಮೇಜಿನ ಮೇಲೆ ಮೊದಲು ಎಣಿಸುವುದು ಅವ್ವನ ಮೊಗ್ಗುಗಳನ್ನೇ. ಅವಳದನ್ನು ಗುರುತು ಹಚ್ಚಿ ಪಕ್ಕಕ್ಕಿಟ್ಟರೆ ಉಳಿದದ್ದು ಯಾರದೆಂದು ಹುಡುಕುವುದು ಸಲೀಸು. ಅರ್ಜಿಯಲ್ಲೂ ಅಷ್ಟೇ, ತಾಯಿಯ ಹೆಸರಿನ ಗೆರೆ ಮೊದಲಿನಿಂದಲೂ ತುಂಬಿದೆ.